ಅಪ್ಪನ ನಂಬರು

ನಮ್ಮಪ್ಪ ಓಸಿ ಆಡುತ್ತಿದ್ದ, ನಂಬರಿನ ಜೂಜು. ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅವನು ಹೋದ ಮೇಲೆ ಮಾತಾಡಿಸಲು ಬಂದವರೆಲ್ಲ ಇದೊಂದನ್ನು ಬಿಟ್ಟು ಬಾಕಿ ಎಲ್ಲ ಹೇಳಿದರು.

ಬಂದವರೇನು ಕಡಿಮೆ ಇರಲಿಲ್ಲ. ಮೂವತ್ತು ವರ್ಷದ ಮೇಲೆ ಸರ್ಕಾರಿ ಬಸ್ಸು ಓಡಿಸಿದವನು, ಅದರಲ್ಲಿ ಜಾಸ್ತಿ ವರ್ಷ ಕುಮಟಾ–ಶಿರಸಿ ರೂಟಿನಲ್ಲೇ. ದೀವಗಿ, ಕತಗಾಲ, ದೇವಿಮನೆ, ಬಂಡಲ, ರಾಗಿಹೊಸಳ್ಳಿ, ಆ ರಸ್ತೆ ಉದ್ದಕ್ಕೂ ಅವನ ಗುರುತಿನವರು. ಕತಗಾಲದ ಅಜ್ಜಿಯೊಬ್ಬಳು ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದಳು. ಆಯಿಯ ಕೈ ಹಿಡಿದುಕೊಂಡು ಹೇಳಿದಳು, "ಹೊಳೆ ರಸ್ತೆಗೆ ಬಂದ ದಿವ್ಸ ಬಸ್ಸು ಆಚೆ ಬದಿಗೇ ನಿಂತಿತ್ತು. ನಿನ್ ಗಂಡ ನಮ್ಮನ್ನೆಲ್ಲ ಬಸ್ಸಲ್ಲೇ ಮಲಗ್ಸಿ, ತಾನು ರಾತ್ರಿಯಿಡೀ ಸ್ಟೇರಿಂಗ್ ಮೇಲೆ ತಲೆ ಇಟ್ಕಂಡು ಕೂತಿದ್ದ. ಯಾರ ಮನೆಯಿಂದ್ಲೋ ಅವಲಕ್ಕಿ ತರ್ಸಿ ಕೊಟ್ಟ." ಚಂಡಿಕಾ ಹೊಳೆ ಕತಗಾಲದಲ್ಲಿ ರಸ್ತೆಗೆ ನುಗ್ಗುವುದು ನಮಗೆ ಹೊಸ ಸುದ್ದಿಯಲ್ಲ, ಮಳೆ ಜೋರಾದಾಗೆಲ್ಲ ಪೇಪರಿನಲ್ಲಿ ಬರುತ್ತದೆ. ಆದರೆ ಈ ಅವಲಕ್ಕಿಯ ಕತೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ರಾತ್ರಿ ಆಯಿ, ಎಲ್ಲೋ ಆಡುತ್ತ ಕೂತಿರುತ್ತಾನೆ ಎಂದು ಬೈದುಕೊಂಡೇ ಮಲಗಿರಬೇಕು. ಬೈದದ್ದೂ ಸುಳ್ಳಲ್ಲ ಬಿಡಿ. ಎಷ್ಟೋ ರಾತ್ರಿ ಅವನು ಹಾಗೆ ಕೂತದ್ದೂ ನಿಜ.

ಚಿಕ್ಕಪ್ಪ ಪೇಪರಿಗೆ ಶ್ರದ್ಧಾಂಜಲಿ ಕೊಡಲು ಹೊರಟ. ಏಜೆಂಟರ ಹತ್ತಿರ ಸಾಲುಗಳು ತಯಾರೇ ಇರುತ್ತವೆ, ಹೆಸರು, ಊರು, ಫೋಟೋ ಬದಲಾಯಿಸಿದರೆ ಆಯಿತು. ಆದರ್ಶ ಪತಿ, ಆದರ್ಶ ತಂದೆ, ಸರಳ ಸಜ್ಜನ, ಹೀಗೆ. ಹುಬ್ಬಳ್ಳಿಯಿಂದ ಬಂದಿದ್ದ ತಮ್ಮ ಅದನ್ನು ಮೊಬೈಲಿನಲ್ಲಿ ಓದಿ, "ಆದರ್ಶ ಅನ್ನೋದು ತೆಗೀರಿ" ಅಂದ. ಚಿಕ್ಕಪ್ಪನಿಗೆ ಸಿಟ್ಟು ಬಂತು. ಸತ್ತವರ ಬಗ್ಗೆ ಹಂಗೆಲ್ಲ ಮಾತಾಡುದಲ್ಲ ಅಂದ. ತಮ್ಮ, "ನಾನು ಬೈತಾ ಇಲ್ಲ ಚಿಕ್ಕಪ್ಪ. ದುಡ್ಡು ಕೊಟ್ಟು ಸುಳ್ಳು ಹಾಕ್ಸೋದು ಬೇಡ ಅಂತಿದೀನಿ, ಅಷ್ಟೇ." ಆಗ ಆಯಿ ಒಳಗಿಂದಲೇ ಹೇಳಿದಳು, "ಪತಿ ಹಿಂದಿಂದು ತೆಗೀರಿ. ತಂದೆ ಹಿಂದಿಂದು ನೀವ್ ನೀವೇ ನೋಡ್ಕಳಿ."

ಸೂತಕದ ಮನೆಯಲ್ಲಿ ನಕ್ಕುಬಿಟ್ಟೆವು. ಚಿಕ್ಕಪ್ಪನೂ ನಕ್ಕ. ಕೊನೆಗೆ ಪೇಪರಿನಲ್ಲಿ ಹೆಸರು, ವಯಸ್ಸು, ನಿವೃತ್ತ ಚಾಲಕರು, ಇಷ್ಟೇ ಬಂತು.

ಬೇರೆ ಕಡೆಯವರು ಮಟ್ಕಾ ಅನ್ನುತ್ತಾರೆ, ನಮ್ಮ ಕಡೆ ಓಸಿ. ಓಪನ್, ಕ್ಲೋಸ್. ಹುಟ್ಟಿದ್ದು ಮುಂಬೈಯಲ್ಲಿ. ನ್ಯೂಯಾರ್ಕಿನ ಹತ್ತಿ ಪೇಟೆಯಲ್ಲಿ ದಿನ ಶುರುವಾದಾಗ ದರ ಎಷ್ಟಿತ್ತು, ಮುಗಿದಾಗ ಎಷ್ಟಾಯಿತು ಎಂದು ಮುಂಬೈಗೆ ಸುದ್ದಿ ಬರುತ್ತಿತ್ತು, ಅದರ ಮೇಲೆ ಅಲ್ಲಿನ ಜನ ಬಾಜಿ ಕಟ್ಟುತ್ತಿದ್ದರು. 1961ರಲ್ಲಿ ಆ ದರ ಬರುವುದು ನಿಂತಿತು. ಬಾಜಿ ನಿಲ್ಲಲಿಲ್ಲ. ಮಡಕೆಯೊಳಗಿಂದ ಚೀಟಿ ಎತ್ತಿದರು, ಆಮೇಲೆ ಇಸ್ಪೀಟು ಎಲೆ ಬಂತು. ಮೂರು ಎಲೆ ಎತ್ತಿ ಕೂಡಿಸಬೇಕು, ಮೊತ್ತದ ಕೊನೆಯ ಅಂಕಿ ಓಪನ್. ಮೂರು, ಆರು, ಎಂಟು ಬಂದರೆ ಹದಿನೇಳು, ಅಂದರೆ ಏಳು. ಇನ್ನೊಂದು ಸಲ ಎತ್ತಿದ್ದು ಕ್ಲೋಸ್. ಎರಡೂ ಸೇರಿದರೆ ಜೋಡಿ. ಮುಂಬೈಯ ಗಿರಣಿ ಕೆಲಸಗಾರರು ಆಡುತ್ತಿದ್ದ ಆಟ ಇದು. ಮುಂಬೈಗೂ ನಮ್ಮ ಕರಾವಳಿಗೂ ಇರುವ ನೆಂಟಸ್ತಿಕೆ ಹೇಳಬೇಕಾಗಿಲ್ಲ. ಗೂಡಂಗಡಿ, ಮೀನುಪೇಟೆ, ಬಸ್ ಸ್ಟ್ಯಾಂಡಿನ ಆಚೀಚೆ, ಎಲ್ಲ ಕಡೆ ಬಂತು. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 78ನೇ ಕಲಮಿನಲ್ಲಿ ಕೇಸು ಬೀಳುತ್ತದೆ. 1 ರೂಪಾಯಿಗೆ 80 ಕೊಡುತ್ತೇನೆಂದು ಆಡಿಸುತ್ತಿದ್ದವನನ್ನು ಹಿಡಿದರು ಎಂದು ಪೇಪರಿನಲ್ಲಿ ವರ್ಷಗಟ್ಟಲೆ ಅದೇ ಸುದ್ದಿ. ಎರಡು ದಿನ ಬಿಟ್ಟು ನೋಡಿದರೆ ಅದೇ ಗೂಡಂಗಡಿ, ಅದೇ ಪೆನ್ನು.

ಅಪ್ಪ ಯಾವಾಗ ಶುರು ಮಾಡಿದ ಅಂತ ಆಯಿಗೂ ಗೊತ್ತಿಲ್ಲ. ಮದುವೆಯಾಗಿ ಬರುವಾಗಲೇ ಇತ್ತಂತೆ.

ಬೆಳಿಗ್ಗೆ ಎದ್ದ ಕೂಡಲೇ ಅಪ್ಪ ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ತಂಗೀ, ರಾತ್ರೆ ಎಂತ ಕನ್ಸು ಬಿತ್ತೇ?" ಖಾಕಿ ಪ್ಯಾಂಟು, ಮೇಲೆ ಬನಿಯನ್ನು, ಮೆಟ್ಟಿಲ ಮೇಲೆ ಕೂತು ಕೈಯಲ್ಲಿ ಚಹಾದ ಲೋಟ. ನಾನು ಹೇಳಿ ಮುಗಿಸುವವರೆಗೆ ಕುಡಿಯುತ್ತಿರಲಿಲ್ಲ. ಹಾವು ಬಂತು ಅಂದರೆ ಸಾಕು. ಯಾವ ಬಣ್ಣ? ಬಾವಿ ಬದಿಗೋ, ಒಳಗೋ? ಹೆಡೆ ಎತ್ತಿತ್ತೋ? ಕಚ್ತೋ, ಸುಮ್ನೆ ಹೋಯ್ತೋ? ನೀನು ಹೆದರ್ಕಂಡ್ಯೋ? ನಾನು ದೊಡ್ಡ ಮನುಷ್ಯಳ ಹಾಗೆ ಯೋಚಿಸಿ ಯೋಚಿಸಿ ಉತ್ತರ ಕೊಡುತ್ತಿದ್ದೆ. ನನ್ನ ಗೆಳತಿಯರ ಯಾರ ಮನೆಯಲ್ಲೂ ಅಪ್ಪಂದಿರು ಮಕ್ಕಳ ಕನಸು ಕೇಳುತ್ತಿರಲಿಲ್ಲ. ಅಪ್ಪಂದಿರು ಮಕ್ಕಳ ಹತ್ತಿರ ಮಾತಾಡುವುದೇ ಕಡಿಮೆ ಇದ್ದ ಕಾಲ ಅದು, ಓದಿದ್ಯಾ, ನೀರು ತಂದ್ಯಾ, ಅಷ್ಟೇ. ಕನಸು ಬೀಳದ ದಿನ ಅವನಿಗೆ ಬೇಜಾರಾಗುತ್ತದೆಂದು ನಾನೇ ಒಂದು ಕಟ್ಟಿ ಹೇಳುತ್ತಿದ್ದೆ. ಒಮ್ಮೆ ಹಾಗೆ ಕಟ್ಟಿದ ಕನಸಿಗೇ, ಆನೆಯೊಂದು ಅಘನಾಶಿನಿ ದಾಟಿ ಬಂದು ನಮ್ಮ ಕೊಟ್ಟಿಗೆಯಲ್ಲಿ ಮಲಗಿತ್ತು ಅಂದಿದ್ದೆ, ಅದಕ್ಕೇ ಜೋಡಿ ಬಿದ್ದುಬಿಟ್ಟಿತು!

ಅವನ ಕನಸಿನ ಲೆಕ್ಕ ನನಗೆ ಗೊತ್ತಾದದ್ದು ಆರನೇ ಕ್ಲಾಸಿನಲ್ಲೋ ಏನೋ. ಅಂಗಿ ಒಗೆಯಲು ಹಾಕುವಾಗ ಜೇಬಿನಿಂದ ಸಣ್ಣ ನೋಟ್‌ಬುಕ್ಕು ಬಿತ್ತು. ತಾರೀಕು, ಪಕ್ಕದಲ್ಲಿ ಅವನ ದುಂಡಗಿನ ಅಕ್ಷರ. 'ತಂಗಿ, ಹಾವು, ಬಾವಿ ಕಟ್ಟೆ', ಎದುರಿಗೆ ಎರಡಂಕಿ. 'ತಂಗಿ, ಹಲ್ಲು ಬಿತ್ತು', ಎರಡಂಕಿ. 'ತಂಗಿ ಶಾಲೆಗೆ ಪಾಟಿ ಮರೆತು ಹೋದಳು, ಅತ್ತಳು', ಎರಡಂಕಿ. ಪುಟ ತಿರುವಿದಷ್ಟೂ ನಾನೇ. ಓದುತ್ತ ಓದುತ್ತ ನನಗೆ ಸಿಟ್ಟು ಬಂದದ್ದು ಆಟ ಆಡಿದ್ದಕ್ಕಲ್ಲ. ಇಷ್ಟು ದಿನ ಇವನು ನನ್ನ ಹತ್ತಿರ ಮಾತಾಡಿದ್ದೇ ಅಲ್ಲ, ನಂಬರು ಕೇಳಿದ್ದು ಅಂತ.

ಈ ಸಿಟ್ಟು ತುಂಬ ವರ್ಷ ಇತ್ತು. ಈಗಲೂ ಪೂರ್ತಿ ಹೋಗಿಲ್ಲ. ನಂಬರಿಗಾಗಿಯೇ ಕೇಳುತ್ತಿದ್ದ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಹೆದರ್ಕಂಡ್ಯೋ ಎಂದು ಕೇಳುವುದರಲ್ಲಿ ನಂಬರಿಗೆ ಏನು ಕೆಲಸ? ಹಾವಿಗೆ ಒಂದು ಅಂಕಿ, ಬಾವಿಗೆ ಒಂದು ಅಂಕಿ, ಲೆಕ್ಕ ಮುಗಿಯಿತು. ಪಾಟಿ ಮರೆತದ್ದು, ಅತ್ತದ್ದು, ಇದೆಲ್ಲ ಯಾಕೆ ಬರೆದುಕೊಂಡ? ಆಟ ಆಡದ ಅಪ್ಪನಾಗಿದ್ದರೆ ನನ್ನ ಕನಸು ಕೇಳುತ್ತಿರಲಿಲ್ಲ. ಓಸಿ ತೆಗೆದು ಬಾಕಿ ಅಪ್ಪನನ್ನು ಇಟ್ಟುಕೊಳ್ಳೋಣ ಎಂದು ಬಂದವರೆಲ್ಲ ಮಾಡುತ್ತಿದ್ದರಲ್ಲ, ಹಾಗೆ ತೆಗೆಯಲು ಹೋದರೆ ಆ ಮೆಟ್ಟಿಲು, ಆ ಚಹಾದ ಲೋಟ ಎಲ್ಲ ಹೋಗುತ್ತದೆ. ನನ್ನ ಪಾಲಿನ ಅಪ್ಪನೇ ಹೋಗುತ್ತಾನೆ.

ನಂಬರು ಬಿದ್ದ ದಿನ ನಮಗೆ ಚೀಲ ನೋಡಿದರೇ ಗೊತ್ತಾಗುತ್ತಿತ್ತು. ಬಾಲ ಹೊರಗೆ ಕಾಣುವಷ್ಟು ದೊಡ್ಡ ಇಸ್ವಾಣ ಮೀನು. ಇಲ್ಲದ ದಿನ ತಾರ್ಲೆ, ಅದೂ ಇಲ್ಲದಿದ್ದರೆ ಒಣಮೀನು. ಇಸ್ವಾಣದ ದಿನ ಆಯಿ ಮಾತಾಡದೆ ಹೆಚ್ಚುತ್ತಿದ್ದಳು, ತಾನು ಮಾತ್ರ ಆ ತುಂಡು ಮುಟ್ಟುತ್ತಿರಲಿಲ್ಲ. ಮುಳ್ಳು ಚುಚ್ತದೆ ಅನ್ನುತ್ತಿದ್ದಳು. ಇಸ್ವಾಣದಲ್ಲಿ ಮುಳ್ಳೆಲ್ಲಿದೆ ಮಾರಾಯ್ರೆ! ಅಪ್ಪ ಎಲ್ಲ ತಿಳಿದೂ ತಿಳಿಯದವನ ಹಾಗೆ ತಮ್ಮನ ಬಟ್ಟಲಿಗೆ ಇನ್ನೊಂದು ತುಂಡು ಹಾಕುತ್ತಿದ್ದ.

ಇದೇ ಮನುಷ್ಯ ಬಸ್ಸಿನಲ್ಲಿ ಕೂತರೆ ಬೇರೆಯೇ. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರ್, ನಡುವೆ ದೇವಿಮನೆ ಘಟ್ಟ. ಈಗ ಅದು ರಾಷ್ಟ್ರೀಯ ಹೆದ್ದಾರಿ 766ಇ, ಅಗಲ ಮಾಡುತ್ತಾರೆ, ಗುಡ್ಡ ಕುಸಿಯುತ್ತದೆ, ಮತ್ತೆ ಮಾಡುತ್ತಾರೆ. ಅಪ್ಪನ ಕಾಲದಲ್ಲಿ ಎರಡು ಬಸ್ಸು ಎದುರಾದರೆ ಒಬ್ಬರು ಹಿಂದೆ ಹೋಗಬೇಕಾದ ತಿರುವುಗಳಿದ್ದವು. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು, ಇದು ಅವನ ಮಂತ್ರ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿದರೆ ಡ್ರಮ್ಮು ಕಾಯುತ್ತದೆ, ಕಾದರೆ ಹಿಡಿಯುವುದಿಲ್ಲ. ಡಿಪೋದಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು ಎಂದು ಡ್ರೈವರುಗಳ ಲೆಕ್ಕ ಬರೆಯುತ್ತಾರೆ. ಅದು ಚೆನ್ನಾಗಿ ಕಾಣಲಿ ಎಂದು ಕೆಲವರು ಘಟ್ಟದಲ್ಲಿ ನ್ಯೂಟ್ರಲ್ ಮಾಡಿ ಬಿಟ್ಟುಬಿಡುತ್ತಿದ್ದರಂತೆ. ಅಪ್ಪ ಒಂದು ದಿನವೂ ಮಾಡಲಿಲ್ಲ. ಡೀಸೆಲ್ ಜಾಸ್ತಿ ಎಂದು ಬೈಸಿಕೊಂಡ. "ಹಿಂದೆ ಐವತ್ತು ಜನ ಕೂತಿರ್ತಾರೆ, ನಾನೆಂತ ಅವ್ರ ಜೀವದ ಮೇಲೆ ಬಾಜಿ ಕಟ್ಟುದಾ?" ಎಂದು ನಮ್ಮೆದುರೇ ಹೇಳುತ್ತಿದ್ದ. ಹೇಳುವಾಗ ಆಯಿಯ ಮುಖ ನೋಡುತ್ತಿರಲಿಲ್ಲ.

ದೇವಿಮನೆಯಲ್ಲಿ ಗುಡಿ ಎದುರು ಬಸ್ಸು ನಿಧಾನ ಮಾಡಿ ಒಂದು ನಾಣ್ಯ. ಚಿಕ್ಕವಳಿದ್ದಾಗ ಡ್ರೈವರ್ ಸೀಟಿನ ಹಿಂದಿನ ಸೀಟೇ ನನ್ನದು. ಎದುರು ಬರುವ ಗಾಡಿಯ ನಂಬರಿನ ಅಂಕಿಗಳನ್ನು ಕೂಡಿಸಿ ಹೇಳಬೇಕು, ಅದು ಆಟ. ಕೆಎ-31 ಎಫ್ ಎಂದು ಶುರುವಾದರೆ ನಮ್ಮದೇ ವಿಭಾಗದ ಬಸ್ಸು, ಕೆಎ-30 ಅಂದರೆ ಕಾರವಾರದ ಗಾಡಿ. ತಿರುವು ದಾಟುವಷ್ಟರಲ್ಲಿ ನಾಲ್ಕು ಅಂಕಿ ಕೂಡಿಸಿ ಮುಗಿಸಬೇಕು. ತಪ್ಪಿದರೆ ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬು ಹಾರಿಸುತ್ತಿದ್ದ. ನಾನು ಈಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಇದು ಆ ಸೀಟಿನಿಂದ ಬಂತು ಎಂದು ಖಂಡಿತ ಹೇಳಲಾರೆ, ನಮ್ಮ ಗಣಿತದ ಮೇಷ್ಟ್ರೂ ಒಳ್ಳೆಯವರಿದ್ದರು.

ಐದು ವರ್ಷ ಅಪಘಾತವಿಲ್ಲದೆ ಓಡಿಸಿದ ಡ್ರೈವರುಗಳಿಗೆ ಬೆಳ್ಳಿ ಪದಕ ಕೊಡುತ್ತಾರೆ, ಹದಿನೈದು ವರ್ಷವಾದರೆ ಮುಖ್ಯಮಂತ್ರಿಗಳ ಚಿನ್ನದ ಪದಕ. ಅಪ್ಪನಿಗೆ ಬೆಳ್ಳಿಯದು ಬಂತು. ಚಿನ್ನದ್ದು ಸಿಗಲಿಲ್ಲ, ನಿಂತ ಬಸ್ಸಿಗೆ ಯಾರೋ ಹಿಂದಿನಿಂದ ಬಂದು ಗುದ್ದಿದ ಒಂದು ಕೇಸು ಅಡ್ಡ ಬಂತು. ಅವನಿಗೆ ಅದರ ಸಂಕಟ ಸಾಯುವವರೆಗೂ ಇತ್ತು. ಆಯಿ ಮಾತ್ರ, "ಸಿಗದೇ ಇದ್ದದ್ದೇ ಚಲೋ ಆಯ್ತು. ಸಿಕ್ಕಿದ್ರೆ ಅದ್ಕೂ ನನ್ ಪಾಟ್ಲಿ ಗತಿಯೇ" ಅನ್ನುತ್ತಿದ್ದಳು. ಬೆಳ್ಳಿಯದು ಮನೆಯಲ್ಲೇ ಉಳಿಯಿತು. ಅದನ್ನು ಅಡ ಇಟ್ಟರೆ ಎಷ್ಟು ಬರುತ್ತದೆ, ಪಾಪ.

ಪಾಟ್ಲಿಯ ಗತಿ ಏನಾಯಿತೆಂದರೆ, ಎರಡು ಬಂಗಾರದ ಪಾಟ್ಲಿ, ಆಯಿಯ ತವರಿನವರು ಹಾಕಿದ್ದು. ಒಂದು ಗಣೇಶ ಚೌತಿಗೆ ಹಾಕಿಕೊಳ್ಳಲು ತೆಗೆಯಹೋದರೆ ಡಬ್ಬಿಯಲ್ಲಿ ಸೊಸೈಟಿಯ ಅಡವಿನ ಚೀಟಿ ಇತ್ತು. ಚೀಟಿಯನ್ನು ಅದೇ ಡಬ್ಬಿಯಲ್ಲಿ, ಅದೇ ಗುಲಾಬಿ ಕಾಗದದಲ್ಲಿ ಸುತ್ತಿ ಇಟ್ಟಿದ್ದ. ಇದನ್ನು ಪ್ರಾಮಾಣಿಕತೆ ಅನ್ನಬೇಕೋ ಏನೋ ನನಗೆ ಇವತ್ತಿಗೂ ತಿಳಿದಿಲ್ಲ. ಬಡ್ಡಿ ಕಟ್ಟಲಾಗದೆ ಹರಾಜಿಗೆ ಹೋಯಿತು. ಅಲ್ಲಿಂದ ಮುಂದೆ ಸಂಬಳದ ದಿನ ಆಯಿ ಡಿಪೋ ಗೇಟಿನ ಹೊರಗೆ ನಿಲ್ಲಲು ಶುರು ಮಾಡಿದಳು. ಆಗ ಕೈಗೇ ಸಂಬಳ. ಅಪ್ಪ ಹೊರಗೆ ಬಂದು, ಜೊತೆಯವರೆಲ್ಲ ನೋಡುತ್ತಿರುವಾಗಲೇ ನೋಟು ಎಣಿಸಿ ಅವಳ ಕೈಗೆ ಕೊಡುತ್ತಿದ್ದ. ನಾನೂ ಒಮ್ಮೆ ಜೊತೆಗಿದ್ದೆ. ಆಯಿ ಸೆರಗು ಹೊದ್ದು ನೆಲ ನೋಡುತ್ತ ನಿಂತಿದ್ದಳು. ಅವಮಾನವಾದದ್ದು ಅವಳಿಗೆ. ಅಪ್ಪ ಯಾರೊಂದಿಗೋ ತಮಾಷೆ ಮಾಡುತ್ತ ಬಂದ, ಎಣಿಸಿ ಕೊಟ್ಟ, "ತಂಗಿಗೆ ಬಿಸ್ಕೀಟು ಕೊಡ್ಸು" ಅಂದ. ಆಮೇಲೆ ಸಂಬಳ ಬ್ಯಾಂಕಿಗೆ ಬರತೊಡಗಿ, ಎಟಿಎಂ ಕಾರ್ಡು ಆಯಿಯ ಬ್ಲೌಸಿನೊಳಗೆ ಸೇರಿ ಆ ಕತೆ ಮುಗಿಯಿತು.

ತಮ್ಮನದು ಮುಗಿಯಲಿಲ್ಲ. ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಫೀಸಿಗೆಂದು ಸಾಲ ತೆಗೆದ ದುಡ್ಡನ್ನು ಅಪ್ಪ ಎರಡು ರಾತ್ರಿ ಮನೆಯಲ್ಲಿಟ್ಟುಕೊಂಡ. ಹಾಸ್ಟೆಲ್ಲಿಗೂ ಆಗಲಿ, ಒಂದು ಸೈಕಲ್ಲಿಗೂ ಆಗಲಿ ಎಂದು ಒಂದಿಷ್ಟು ತೆಗೆದು ಹಾಕಿದ. ಹೋಯಿತು. ಹೋದದ್ದನ್ನು ತೆಗೆಯಲು ಇನ್ನೊಂದಿಷ್ಟು ಹಾಕಿದ. ಫೀಸು ಕಟ್ಟುವ ಕೊನೆಯ ದಿನ ಬೆಳಿಗ್ಗೆ ಅವನು ಡ್ಯೂಟಿಗೆ ಹೋಗಿದ್ದ, ಡಬ್ಬಿ ಖಾಲಿ ಇತ್ತು. ಇದನ್ನು ಸಣ್ಣದು ಮಾಡಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಯಾವ ಘಟ್ಟದಲ್ಲಿ ಎಷ್ಟು ಜನರನ್ನು ಕ್ಷೇಮವಾಗಿ ಇಳಿಸಿದ್ದರೂ ಇದಕ್ಕೆ ಅದು ವಜಾ ಆಗುವುದಿಲ್ಲ. ತಮ್ಮ ಆಮೇಲೆ ಡಿಪ್ಲೊಮಾ ಮಾಡಿದ, ಹುಬ್ಬಳ್ಳಿಯಲ್ಲಿ ಗ್ಯಾರೇಜು ಹಾಕಿದ, ಚೆನ್ನಾಗೇ ಇದ್ದಾನೆ. ಅಪ್ಪನ ಜೊತೆ ಮಾತು ಮಾತ್ರ ಬಿಟ್ಟ. ಹಬ್ಬಕ್ಕೆ ಬರುತ್ತಿದ್ದ, ಊಟಕ್ಕೆ ಜೊತೆಗೇ ಕೂರುತ್ತಿದ್ದ, ಉಪ್ಪು ಬೇಕಾದರೂ ಆಯಿಯನ್ನೇ ಕೇಳುತ್ತಿದ್ದ. ಅಪ್ಪ ಅವನೆದುರು ಬಸ್ಸಿನ ಎಂಜಿನ್ ವಿಷಯ ತೆಗೆಯುತ್ತಿದ್ದ. ಈಗಿನ ಗಾಡಿಗಳಲ್ಲಿ ಸೆನ್ಸರ್ ಜಾಸ್ತಿ, ಅಲ್ವಾ? ಗೋಡೆಗೆ ಕೇಳಿದ ಹಾಗೆ ಕೇಳುತ್ತಿದ್ದ. ತಮ್ಮ ಅನ್ನ ಕಲಸುತ್ತಿದ್ದ.

ಒಂದು ಮಾತು ಹೇಳಬೇಕು. ಅವನು ಯಾವತ್ತೂ ಕೈ ಎತ್ತಿದವನಲ್ಲ, ಕುಡಿದವನಲ್ಲ. ಇದನ್ನೇ ಹಿಡಿದುಕೊಂಡು ನೆಂಟರು ಆಯಿಗೆ ಸಮಾಧಾನ ಹೇಳುತ್ತಿದ್ದರು, ಕುಡಿಯೂದಿಲ್ಲ, ಹೊಡೆಯೂದಿಲ್ಲ, ಇನ್ನೆಂತ ಬೇಕು? ನಮ್ಮ ಕಡೆ ಗಂಡಸಿನ ಅಳತೆಗೋಲೇ ಅಷ್ಟು ಗಿಡ್ಡ. ಆಯಿ ಅದಕ್ಕೆ ಉತ್ತರ ಕೊಟ್ಟದ್ದು ನಾನು ಕೇಳಿಲ್ಲ. ಎರಡು ದನ ಕಟ್ಟಿ, ಡೈರಿಗೆ ಹಾಲು ಹಾಕಿ, ನನ್ನ ಬಿ.ಇಡಿ. ಮುಗಿಸಿದಳು.

ರಿಟೈರಾದಾಗ ಗ್ರಾಚ್ಯುಟಿ, ಪಿಎಫ್ ಬಂತು. ಅರ್ಧಕ್ಕಿಂತ ಜಾಸ್ತಿಯನ್ನು ಆಯಿ ಮೊದಲ ವಾರವೇ ಪೋಸ್ಟ್ ಆಫೀಸಿನಲ್ಲಿ ತನ್ನ ಹೆಸರಿಗೆ ಇಡಿಸಿದಳು. ಬಾಕಿ ಎಲ್ಲಿ ಹೋಯಿತು ಎಂದು ಕೇಳುವ ಅಗತ್ಯ ಯಾರಿಗೂ ಬರಲಿಲ್ಲ. ಸಾರಿಗೆಯವರಿಗೆ ಸರ್ಕಾರಿ ನೌಕರರ ಹಾಗೆ ಪಿಂಚಣಿ ಇಲ್ಲ, ಪಿಎಫ್ ಕಚೇರಿಯ 1995ರ ಯೋಜನೆಯದು, ಅಷ್ಟೇ. ತಿಂಗಳ ಔಷಧಿಗೆ ಸಾಲುವುದೂ ಕಷ್ಟ. ಹೊರಗಿನವರಿಗೆ ಇದು ಗೊತ್ತೇ ಇರುವುದಿಲ್ಲ. ಸರ್ಕಾರಿ ಬಸ್ಸು ಓಡಿಸಿದವರು, ನಿಮಗೇನು ಕಡಿಮೆ, ಅನ್ನುತ್ತಾರೆ.

ಕೊನೆಯ ವರ್ಷಗಳಲ್ಲಿ ಓಸಿಯೂ ವಾಟ್ಸ್ಆ್ಯಪ್‌ಗೆ ಬಂತು. ಅಪ್ಪನಿಗೆ ಕಣ್ಣು ಸರಿ ಕಾಣುತ್ತಿರಲಿಲ್ಲ, ರಿಸಲ್ಟು ಓದಿ ಹೇಳು ಎಂದು ಪಕ್ಕದ ಮನೆ ಹುಡುಗನನ್ನು ಕರೆಯುತ್ತಿದ್ದ. ಹತ್ತು, ಇಪ್ಪತ್ತು ರೂಪಾಯಿಯ ಆಟ. ಒಂದು ದಿನ ರಜೆಗೆಂದು ಹೋಗಿದ್ದಾಗ ಬೆಳಿಗ್ಗೆ ಅವನು ನನ್ನ ಮಗಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, "ಪುಟ್ಟೀ, ರಾತ್ರೆ ಎಂತ ಕನ್ಸು ಬಿತ್ತೇ?" ಅಂತಿದ್ದ. ನಾನು ಅಲ್ಲೇ ಹೇಳಿದೆ, ಇವಳ ಹತ್ರ ಮಾತ್ರ ಇದು ಬೇಡ ಅಪ್ಪ. ಗಟ್ಟಿಯಾಗಿಯೇ ಹೇಳಿದೆ. ಹೇಳಿದ್ದು ಸರಿಯೇ, ಮತ್ತೆ ಅದೇ ಸಂದರ್ಭ ಬಂದರೂ ಹೇಳುತ್ತೇನೆ. ಅಪ್ಪ ಹ್ಞೂಂ ಅಂದ. ಮತ್ತೆ ಕೇಳಲಿಲ್ಲ. ಆಮೇಲೆ ಅವಳ ಹತ್ತಿರ ಮಾತಾಡಲು ಅವನಿಗೆ ಏನೂ ತೋಚುತ್ತಿರಲಿಲ್ಲ. ಶಾಲೆಗೆ ರಜೆಯಾ, ಊಟ ಆಯ್ತಾ, ಅಷ್ಟು ಕೇಳಿ ಸುಮ್ಮನೆ ಕೂರುತ್ತಿದ್ದ.

ಕಳೆದ ಮಳೆಗಾಲದಲ್ಲಿ ಒಂದು ಬೆಳಗಿನ ಜಾವ ಎದೆನೋವು ಅಂದ, ಆಸ್ಪತ್ರೆ ಮುಟ್ಟುವ ಮೊದಲೇ ಹೋದ. ತಮ್ಮ ಬಂದು ಬೆಂಕಿ ಕೊಟ್ಟ.

ಆಮೇಲಿನದೆಲ್ಲ ಕಾಗದದ ಕೆಲಸ. 21 ದಿನದೊಳಗೆ ಮರಣ ನೋಂದಣಿ ಆಗಬೇಕು, ತಡವಾದರೆ ಶುಲ್ಕ, ಇನ್ನೂ ತಡವಾದರೆ ಮೇಲಿನವರ ಅನುಮತಿ. ಆ ಪತ್ರ ಇದ್ದರೆ ಮುಂದಿನದು. ಪಿಎಫ್ ಪಿಂಚಣಿಯಲ್ಲಿ ಹೆಂಡತಿಗೆ ಅರ್ಧ ಬರುತ್ತದೆ, ಅದಕ್ಕೆ 10-ಡಿ ಎಂಬ ಅರ್ಜಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಫೋಟೋ. ಪಾಸ್‌ಬುಕ್ಕು ಹುಡುಕಲು ಅಪ್ಪನ ಟ್ರಂಕು ತೆಗೆದೆವು. ಕೆಳಗೆ ಡ್ಯೂಟಿಯ ಹಳೆ ಕಾಗದ, ಪದಕ, ಅದರ ಮೇಲೆ ನೋಟ್‌ಬುಕ್ಕುಗಳು. ರಬ್ಬರ್ ಬ್ಯಾಂಡು ಹಾಕಿ, ವರ್ಷ ಬರೆದು, ಸಾಲಾಗಿ. ಜಮೆ ಒಂದು ಕಡೆ, ಖರ್ಚು ಒಂದು ಕಡೆ. ಕಳೆದುಕೊಂಡದ್ದನ್ನೂ ಒಂದು ರೂಪಾಯಿ ಬಿಡದೆ ಬರೆದಿದ್ದ. ತಮ್ಮನ ಫೀಸಿನ ದುಡ್ಡೂ ಇತ್ತು. ಎರಡು ದಿನದ ಎದುರು ಎರಡು ಮೊತ್ತ, ಪಕ್ಕದಲ್ಲಿ ಅಂಕಿ ಇಲ್ಲ, ಕನಸಿಲ್ಲ. ತಮ್ಮನ ಹೆಸರು ಮಾತ್ರ. ತಮ್ಮ ಆ ಪುಟವನ್ನು ತುಂಬ ಹೊತ್ತು ನೋಡಿದ. ಏನಾದರೂ ಅನ್ನಬಹುದು ಅಂದುಕೊಂಡೆ. "ಅಕ್ಷರ ಚೆನ್ನಾಗಿತ್ತು ಅಪ್ಪಂದು" ಅಂದ, ಮುಚ್ಚಿಟ್ಟ.

ನಾನು ಹತ್ತನೇ ಕ್ಲಾಸಿಗೆ ಸಂಭವನೀಯತೆ ಪಾಠ ಮಾಡುವಾಗ ನಾಣ್ಯ, ದಾಳ ಮುಗಿಸಿ ಓಸಿಯ ಲೆಕ್ಕ ಹಾಕಿಸುತ್ತೇನೆ. ಮಕ್ಕಳಿಗೆ ಅದು ಗೊತ್ತಿರುತ್ತದೆ, ಗೊತ್ತಿಲ್ಲ ಎಂಬಂತೆ ಕೂರುತ್ತಾರೆ. 00ಯಿಂದ 99ರವರೆಗೆ ನೂರು ಜೋಡಿ. ನೂರಕ್ಕೂ ಒಂದೊಂದು ರೂಪಾಯಿ ಹಾಕಿದರೆ 100 ಹೋಗುತ್ತದೆ, 80 ಬರುತ್ತದೆ. ದಿನಕ್ಕೊಂದು ಜೋಡಿಯಂತೆ ನೂರು ದಿನ ಆಡಿದರೂ ಒಂದೂ ಬೀಳದಿರುವ ಸಂಭವ ನೂರರಲ್ಲಿ ಸುಮಾರು 37. ಇಲ್ಲಿಗೆ ಪುಸ್ತಕದ ಲೆಕ್ಕ ಮುಗಿಯುತ್ತದೆ. ಆದರೆ ದಿನಕ್ಕೆ 50 ರೂಪಾಯಿ ಆಡುವವನು ಈ ಲೆಕ್ಕದಲ್ಲಿ ವರ್ಷಕ್ಕೆ ಕಳೆಯುವುದು 3,650 ಮಾತ್ರ. ಅಷ್ಟಕ್ಕೆ ಯಾರ ಮನೆಯೂ ಮುಳುಗುವುದಿಲ್ಲ. ಬಂದ 80ನ್ನೂ ಸಂಜೆಯೇ ವಾಪಸು ಹಾಕುತ್ತಾರೆ, ಹೋದದ್ದನ್ನು ಒಂದೇ ದಿನದಲ್ಲಿ ತೆಗೆಯಲು ದುಪ್ಪಟ್ಟು ಹಾಕುತ್ತಾರೆ, ಕೈಯಲ್ಲಿಲ್ಲದಿದ್ದರೆ ಬಡ್ಡಿಗೆ ತಂದು ಹಾಕುತ್ತಾರೆ. ಮುಳುಗುವುದು ಅಲ್ಲಿ. ಅಪ್ಪನ ನೋಟ್‌ಬುಕ್ಕಿನಲ್ಲಿ ನಂಬರು ಬಿದ್ದ ದಿನದ ಮರುದಿನ ನೋಡಿದರೆ ಸಾಕು, ಇಸ್ವಾಣದ ದುಡ್ಡು ಕಳೆದು ಉಳಿದದ್ದೆಲ್ಲ ಖರ್ಚಿನ ಕಡೆ ಕೂತಿರುತ್ತದೆ.

ಹನ್ನೆರಡನೇ ದಿನದ ಊಟಕ್ಕೆ ಓಸಿ ಬರೆಯುವವನೂ ಬಂದಿದ್ದ. ಯಾರೂ ಕರೆದಿರಲಿಲ್ಲ. ಬಿಳಿ ಅಂಗಿ ಹಾಕಿಕೊಂಡು ಕೊನೆಯ ಪಂಕ್ತಿಯಲ್ಲಿ ತಲೆ ತಗ್ಗಿಸಿ ಕೂತ. ತಮ್ಮ ಅವನನ್ನು ಎಬ್ಬಿಸಲು ಹೊರಟಿದ್ದ, ಆಯಿ ತಡೆದಳು. ಉಂಡು ಹೋಗ್ಲಿ, ನಮ್ಮನೆ ದುಡ್ಡು ಎಷ್ಟೋ ತಿಂದಿದಾನೆ, ಒಂದು ಊಟ ಜಾಸ್ತಿಯಾ ಅಂದಳು. ತಾನೇ ಹೋಗಿ ಪಾಯಸ ಬಡಿಸಿದಳು. ಕೈ ತೊಳೆದುಕೊಂಡು ಬಂದವನು ಆಯಿಯ ಎದುರು ನಿಂತು ತಲೆ ಕೆರೆದುಕೊಂಡ. ಅಣ್ಣನದು ಮುನ್ನೂರು ಬಾಕಿ ಇತ್ತು, ಬಿಡಿ, ಹೇಳ್ಬೇಕು ಅಂತ ಹೇಳ್ದೆ ಅಂದ. ನನಗೆ ಕೋಪ ಉಕ್ಕಿತು. ಆಯಿ ತಮ್ಮನ ಕಡೆ ತಿರುಗಿ, "ಕೊಟ್ ಕಳ್ಸು ಮಗಾ. ಅವ್ರು ಯಾರದ್ದೂ ಇಟ್ಕಂಡವ್ರಲ್ಲ" ಅಂದಳು. ಯಾರದ್ದೂ ಇಟ್ಟುಕೊಂಡವನಲ್ಲ! ಪಾಟ್ಲಿ ಕಳೆದುಕೊಂಡ ಹೆಂಗಸು ಹೇಳುವ ಮಾತು ಇದು. ತಮ್ಮ ಒಂದು ಮಾತೂ ಆಡದೆ ಪರ್ಸು ತೆಗೆದ, ಐನೂರರ ನೋಟು ಕೊಟ್ಟ. ಅವನ ಹತ್ತಿರ ಚಿಲ್ಲರೆ ಇರಲಿಲ್ಲ, ಸಂಜೆ ತಂದುಕೊಡ್ತೇನೆ ಅಂದ. ಇನ್ನೂ ತಂದಿಲ್ಲ. ತಮ್ಮ ಫೋನು ಮಾಡಿದಾಗೆಲ್ಲ ಮೊದಲು ಕೇಳುವುದು ಅದನ್ನೇ, ಆ ಇನ್ನೂರು ಬಂತಾ ಅಕ್ಕಾ?